ನರರೋಗಿಗಳ ಅಂಗವಿಕಲತೆಯ ಅಂಕಗಳು: ಹೋಲಿಕೆಯ ಇತಿಹಾಸ

ಲಕ್ವ ಹೊಡೆದವರು, ಫಿಟ್ಸ್ ಬರುವವರು, ಪಾರ್ಕಿನ್ಸನ್‌ನಿಂದ ಕೈ ನಡುಗುವವರು, ಮರೆವಿನ ಕಾಯಿಲೆಯವರು: ಇವರಲ್ಲಿ ಯಾರ ದಿನನಿತ್ಯದ ಬದುಕು ಎಷ್ಟು ಕುಂದಿದೆ ಎಂಬುದನ್ನು ಅಂಕಗಳಲ್ಲಿ ಹೇಳಿ ಹೋಲಿಸುವ ಕ್ರಮಕ್ಕೆ ಸುಮಾರು 70 ವರ್ಷಗಳ ಇತಿಹಾಸವಿದೆ.

ಮೊದಲು ರೋಗಕ್ಕೊಂದು ಅಳತೆಗೋಲು ಹುಟ್ಟಿತು. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಅಮೆರಿಕದ ಜಾನ್ ಕರ್ಟ್ಸ್‌ಕೆ (1955), ಲಕ್ವಕ್ಕೆ ಸ್ಕಾಟ್ಲೆಂಡಿನ ಜಾನ್ ರ್‍ಯಾಂಕಿನ್ (1957), ಪಾರ್ಕಿನ್ಸನ್‌ಗೆ ಹೋನ್ ಮತ್ತು ಯಾರ್ (1967) ಮಾಡಿದ ಮಾಪನಗಳು ಇಂದಿಗೂ ತಿದ್ದುಪಡಿಗಳೊಂದಿಗೆ ಬಳಕೆಯಲ್ಲಿವೆ. ಮೂರರಲ್ಲೂ 3 ಎಂಬ ಅಂಕವಿದೆ, ಅರ್ಥ ಮಾತ್ರ ಬೇರೆ. ಇಂದಿನ ರ್‍ಯಾಂಕಿನ್ ಮಾಪನದ 3 ಎಂದರೆ ನಡೆಯಬಲ್ಲರು, ಆದರೆ ಬೇರೆಯವರ ನೆರವು ಬೇಕು. ಪಾರ್ಕಿನ್ಸನ್‌ನ 3ರಲ್ಲಿ ಸಮತೋಲ ತಪ್ಪುತ್ತದೆ, ಆದರೂ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ. ಕರ್ಟ್ಸ್‌ಕೆಯ 3ರವರು ಊರುಗೋಲಿಲ್ಲದೆ ಓಡಾಡುತ್ತಾರೆ.

1965ರ ಬಾರ್ತೆಲ್ ಸೂಚ್ಯಂಕ ಊಟ, ಸ್ನಾನ, ಶೌಚ, ಮೆಟ್ಟಿಲು ಹತ್ತುವುದು ಮುಂತಾದ 10 ಕೆಲಸಗಳನ್ನು 100 ಅಂಕಕ್ಕೆ ಅಳೆಯಿತು. ಇದು ಹಲವು ರೋಗಗಳಿಗೆ ಒದಗಿತು, ಆದರೆ ಎಲ್ಲಕ್ಕೂ ಅಲ್ಲ. ಚಳ್ಳಕೆರೆ ಸೀಮೆಯಲ್ಲಿ ಹಿಂಡಿನ ಹಿಂದೆ ಒಬ್ಬನೇ ಹೊರಡುವ ಕುರಿಗಾಹಿಗೆ ಫಿಟ್ಸ್ ಬರುತ್ತಿದೆ ಎನ್ನಿ. ಬಾರ್ತೆಲ್‌ನಲ್ಲಿ ಆತನಿಗೆ 100ಕ್ಕೆ 100 ಸಿಕ್ಕೀತು. ಮನೆಯವರು ಮಾತ್ರ ಕೆರೆ, ಬಾವಿ ಕಡೆ ಒಬ್ಬನನ್ನೇ ಬಿಡಲಾರರು. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಗುಂಡಿಮಗ್ಗವನ್ನು ನೋಡಿ: ಗುಂಡಿಗೆ ಇಳಿಬಿಟ್ಟ ಕಾಲು ತುಳಿಯುತ್ತಿರಬೇಕು, ಕೈ ಲಾಳಿಯ ಹಗ್ಗ ಎಳೆಯುತ್ತಿರಬೇಕು, ಎಳೆ ಕಡಿದರೆ ಬೆರಳ ತುದಿಯಲ್ಲೇ ಹೊಸೆದು ಕೂಡಿಸಬೇಕು. ಕಾಲು ಸೋತರೂ ಮಗ್ಗ ನಿಲ್ಲುತ್ತದೆ, ಬೆರಳು ನಡುಗಿದರೂ ನಿಲ್ಲುತ್ತದೆ. ನಡಿಗೆಯನ್ನೇ ಅಳೆಯುವ ಮಾಪನಕ್ಕೆ ಕಾಣುವುದು ಕಾಲು ಸೋತವರ ಕಷ್ಟ ಮಾತ್ರ. ದುಡಿಮೆ ಕೇಳದ ಅಂಕವನ್ನಿಟ್ಟುಕೊಂಡು ಇಬ್ಬರು ನೇಕಾರರನ್ನು ಹೋಲಿಸುವುದು ನ್ಯಾಯವಲ್ಲ.

ಈ ಕೊರತೆಗೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಉತ್ತರ ಹೂಡಾಸ್ 2.0 (ಕೈಪಿಡಿ 2010). ರೋಗದ ಹೆಸರನ್ನು ಬದಿಗಿಟ್ಟು, ಹಿಂದಿನ 30 ದಿನಗಳಲ್ಲಿ ಏನೇನು ಕಷ್ಟವಾಯಿತು ಎಂದು ಇದು 36 ಪ್ರಶ್ನೆಗಳಲ್ಲಿ ಕೇಳುತ್ತದೆ. ಅರ್ಧ ಗಂಟೆ ನಿಲ್ಲುವುದು, ಒಂದು ಕಿಲೋಮೀಟರ್ ನಡೆಯುವುದು, ಗುರುತಿಲ್ಲದವರೊಡನೆ ಮಾತಾಡುವುದು, ಮನೆಗೆಲಸ, ದುಡಿಮೆ ಎಲ್ಲವೂ ಇದರಲ್ಲಿವೆ. ಕನ್ನಡ ಅನುವಾದವೂ ಇದೆ. ಆದರೂ ಎಚ್ಚರ ಬೇಕು: ಮರೆವಿನ ಕಾಯಿಲೆಯವರು ತಮಗೇನೂ ತೊಂದರೆಯಿಲ್ಲ ಎಂದುಬಿಡಬಹುದು, ಆರೈಕೆ ಮಾಡುವ ಸೊಸೆ ಬೇರೆಯೇ ಹೇಳಬಹುದು. ಉತ್ತರ ಕೊಟ್ಟವರು ಯಾರೆಂದು ನೋಡದೆ ಗುಂಪುಗಳ ಸರಾಸರಿಯನ್ನು ಪಕ್ಕಪಕ್ಕ ಇಡಬಾರದು.

ಹೀಗೆ ಸರಿಯಾಗಿ ಅಳೆದು ಹೋಲಿಸುವುದು ಹಳ್ಳಿಗಳಿಗೆ ಹೆಚ್ಚು ಮುಖ್ಯ. ನಿಮ್ಹಾನ್ಸ್ ತಜ್ಞರು 1993–95ರಲ್ಲಿ ಬೆಂಗಳೂರು ನಗರ ಮತ್ತು ಗ್ರಾಮಾಂತರದ 1,02,557 ಜನರ ಸಮೀಕ್ಷೆ ಮಾಡಿದಾಗ, ಹಳ್ಳಿಗಳಲ್ಲಿ ನರರೋಗಗಳ ಪ್ರಮಾಣ ಪೇಟೆಯ ಸುಮಾರು ಎರಡರಷ್ಟಿತ್ತು.

ಇನ್ನು ಕಾನೂನಿನ ಅಳತೆ. ಭಾರತದಲ್ಲಿ ಅಂಗವಿಕಲರಿಗಾಗಿ ಬಂದ 1995ರ ಕಾಯ್ದೆ 7 ಬಗೆಯ ಅಂಗವಿಕಲತೆಗಳನ್ನು ಗುರುತಿಸಿತ್ತು. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿ ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್‌ಗಳನ್ನೂ ಸೇರಿಸಿತು; ಮೀಸಲಾತಿಯಂಥ ಸೌಲಭ್ಯಕ್ಕೆ ಶೇ. 40 ಗೆರೆ. ಮಾನಸಿಕ ಕಾಯಿಲೆಗಳಿಗೆಂದು ಭಾರತೀಯ ಮನೋವೈದ್ಯಕೀಯ ಸಂಘ ರೂಪಿಸಿದ ಐಡಿಯಾಸ್ ಮಾಪನವನ್ನು ಸರ್ಕಾರ 2002ರಲ್ಲಿ ಒಪ್ಪಿತು. ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು-ತಿಳಿವು, ಕೆಲಸ ಎಂಬ ನಾಲ್ಕಕ್ಕೂ 0ಯಿಂದ 4, ಜೊತೆಗೆ ಕಾಯಿಲೆಯ ವರ್ಷಗಳಿಗೆ ಅಂಕ; ಒಟ್ಟು 7 ಬಂದರೆ ಶೇ. 40. ಮರೆವಿನ ಕಾಯಿಲೆಗೂ ಇದೇ ಮಾಪನ. ಮರೆವಿನ ಅಜ್ಜಿಯನ್ನು ಹೀಗೆ ಕೆಲಸದ ಲೆಕ್ಕ ಹಿಡಿದು ಅಳೆದರೆ, ಲಕ್ವ ಹೊಡೆದ ನೇಕಾರರನ್ನು ಕೈಕಾಲಿನ ಬಲ ನೋಡಿ ಅಳೆಯುತ್ತಾರೆ. ಅಂಗವಿಕಲರ ಗುರುತಿನ ಕಾರ್ಡಿನ ಮೇಲೆ ಎರಡೂ ಶೇಕಡಾವಾರಾಗಿಯೇ ಅಚ್ಚಾಗುತ್ತವೆ.