ನಾರ್ಮಲ್ಲಾ?

ಬೇಕರಿಯಲ್ಲಿ ನೀರಿನ ಬಾಟ್ಲಿ ಕೇಳಿದರೆ ಹುಡುಗ ಫ್ರಿಜ್ಜಿನ ಬಾಗಿಲಿಗೆ ಕೈಯಿಟ್ಟು ಕೇಳುತ್ತಾನೆ: ‘ಕೋಲ್ಡಾ, ನಾರ್ಮಲ್ಲಾ?’ ಅಲ್ಲಿ ನಾರ್ಮಲ್ ಎಂದರೆ ಫ್ರಿಜ್ಜಿನಲ್ಲಿ ಇಡದ ನೀರು, ಅಷ್ಟೇ. ಬಾಟ್ಲಿ ಎಷ್ಟು ದಿನ ಅಂಗಡಿ ಮುಂದಿನ ಬಿಸಿಲಲ್ಲಿ ಬೆಂದಿತ್ತು ಎಂಬುದೆಲ್ಲ ಆ ಪದದ ಲೆಕ್ಕಕ್ಕೆ ಬರುವುದಿಲ್ಲ.

ಇದೇ ಪದ ಆಸ್ಪತ್ರೆಯ ವರಾಂಡದಲ್ಲೂ ಓಡಾಡಿಕೊಂಡಿದೆ. ಮಗು ಹುಟ್ಟಿದ ಸುದ್ದಿ ಫೋನಿನಲ್ಲಿ ಬಂದ ಕೂಡಲೇ ಹಿಂದೆ ‘ಗಂಡೋ ಹೆಣ್ಣೋ’ ಎಂದು ಕೇಳುತ್ತಿದ್ದರು. ಆ ಪ್ರಶ್ನೆ ಈಗಲೂ ಹೋಗಿಲ್ಲ, ಅದರ ಬೆನ್ನಿಗೆ ಇನ್ನೊಂದು ಬಂದು ನಿಂತಿದೆ: ‘ನಾರ್ಮಲ್ಲಾ, ಸಿಸೇರಿಯನ್ನಾ?’ ಫ್ರಿಜ್ಜಿನಲ್ಲಿ ಇಡದ ನೀರು ಹೇಗೆ ನಾರ್ಮಲ್ಲೋ ಹಾಗೆಯೇ ಹೊಟ್ಟೆ ಕೊಯ್ಯದ ಹೆರಿಗೆ ನಾರ್ಮಲ್.

ಅಂಥದೊಂದು ನಾರ್ಮಲ್ ಹೆರಿಗೆಯನ್ನು ಹತ್ತಿರದಿಂದ ನೋಡಿದರೆ? ತಿಂಗಳು ತುಂಬಿದ ಹೆಂಗಸು ಬೆಳಗ್ಗೆ ದಾಖಲಾಗಿದ್ದಾಳೆ. ನೋವು ತಾನಾಗಿ ಬರಲಿ ಎಂದು ಕಾಯದೆ ನೋವು ಬರಿಸುವ ಮಾತ್ರೆ ಕೊಟ್ಟಿದ್ದಾರೆ, ಮಧ್ಯಾಹ್ನದ ಹೊತ್ತಿಗೆ ಡ್ರಿಪ್ಪು ಹಾಕಿದ್ದಾರೆ. ಕೈಗೆ ಸೂಜಿ ಚುಚ್ಚಿರುವುದರಿಂದ ಎದ್ದು ಓಡಾಡುವಂತಿಲ್ಲ. ಅವ್ವ ಹೊರಗೆ, ಬಿಸಿನೀರಿನ ಫ್ಲಾಸ್ಕು ಹಿಡಿದು ಬಾಗಿಲ ಕಡೆಗೇ ಕಣ್ಣು ನೆಟ್ಟು ಕೂತಿದ್ದಾಳೆ. ಒಳಗೆ ಟ್ಯೂಬ್‌ಲೈಟಿನ ಬೆಳಕು, ಅಂಗಾತ ಮಲಗಿಸಿದ ಸ್ಟೀಲ್ ಮಂಚ, ‘ಮುಕ್ಕಮ್ಮಾ, ಮುಕ್ಕು’ ಎಂಬ ಗದರಿಕೆ, ಕೊನೆಗೊಂದು ಕತ್ತರಿ. ಮಗು ಅತ್ತ ಕ್ಷಣವೇ ಹೊಕ್ಕುಳಬಳ್ಳಿ ಕತ್ತರಿಸಿ ಕೂಸನ್ನು ಮೂಲೆಯ ಹೀಟರಿನ ಕೆಳಗೆ ಒಯ್ಯುತ್ತಾರೆ, ತಾಯಿಗೆ ಹೊಲಿಗೆ ಹಾಕುತ್ತಾರೆ. ಹೊರಗೆ ಅವ್ವ ಊರಿಗೆ ಫೋನು ಮಾಡುತ್ತಾಳೆ. ಏನೂ ತೊಂದರೆಯಾಗಲಿಲ್ಲ, ನಾರ್ಮಲ್ಲು.

ಅವಳು ಸುಳ್ಳು ಹೇಳುತ್ತಿಲ್ಲ. ಪದವೇ ಅಷ್ಟು ಅಗಲವಾಗಿದೆ.

ಮೂಲದಲ್ಲಿ ಅದು ಬಡಗಿಯ ಪದ. ಲ್ಯಾಟಿನ್ನಿನ ‘ನಾರ್ಮಾ’ ಎಂದರೆ ನಮ್ಮ ಬಡಗಿಗಳ ಮೂಲೆಮಟ್ಟ. ಚೌಕಟ್ಟಿನ ಮೂಲೆ ಸರಿಯಾಗಿ ಕೂತಿದೆಯೇ ಎಂದು ಇಟ್ಟು ನೋಡುವ ಸಾಧನ. ಮೂಲೆಮಟ್ಟಕ್ಕೆ ಸರಿಹೊಂದಿದ್ದು ನಾರ್ಮಲ್. ಹತ್ತೊಂಬತ್ತನೇ ಶತಮಾನದಲ್ಲಿ ಮೇಷ್ಟ್ರುಗಳನ್ನು ಒಂದೇ ಅಳತೆಗೆ ತಯಾರು ಮಾಡುವ ಧಾರವಾಡದ ಶಾಲೆ ‘ನಾರ್ಮಲ್ ಸ್ಕೂಲ್’ ಆದದ್ದೂ ಇದೇ ಅರ್ಥದಲ್ಲಿ. ಹೆರಿಗೆಗೂ ಒಂದು ಮೂಲೆಮಟ್ಟ ಬಂತು. 1955ರಲ್ಲಿ ನ್ಯೂಯಾರ್ಕಿನ ವೈದ್ಯ ಇಮ್ಯಾನುಯೆಲ್ ಫ್ರೀಡ್‌ಮನ್ ಒಂದೇ ಆಸ್ಪತ್ರೆಯ 500 ಚೊಚ್ಚಲ ಹೆರಿಗೆಗಳನ್ನು ಗಮನಿಸಿ, ಗರ್ಭದ ಬಾಯಿ ಎಷ್ಟು ಹೊತ್ತಿಗೆ ಎಷ್ಟು ತೆರೆಯುತ್ತದೆ ಎಂದು ಗ್ರಾಫ್ ಎಳೆದರು. ಮುಂದೆ ಅದು ‘ಗಂಟೆಗೆ ಒಂದು ಸೆಂಟಿಮೀಟರ್’ ಎಂಬ ನಿಯಮವಾಗಿ ಲೋಕದ ಹೆರಿಗೆ ಕೋಣೆಗಳನ್ನೆಲ್ಲ ಆಳಿತು. ತಡವಾದವಳಿಗೆ ಡ್ರಿಪ್ಪು, ಇನ್ನೂ ತಡವಾದರೆ ಕತ್ತಿ. ತಮಾಷೆಯೆಂದರೆ ಆ 500 ಹೆಂಗಸರಲ್ಲಿ ಬಹುಪಾಲು ಮಂದಿಗೆ ಮಂಪರಿನ ಮದ್ದು ಕೊಟ್ಟಿದ್ದರು, ಅರ್ಧಕ್ಕಿಂತ ಹೆಚ್ಚು ಮಕ್ಕಳನ್ನು ಇಕ್ಕುಳ ಹಾಕಿ ಹೊರತೆಗೆದಿದ್ದರು. ಮೂಲೆಮಟ್ಟವೇ ಸೊಟ್ಟಗಿತ್ತು ಎಂದರೂ ತಪ್ಪಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೆಳಗಿಟ್ಟದ್ದು 2018ರಲ್ಲಿ. ತಾಯಿ ಮಗು ಚೆನ್ನಾಗಿದ್ದರೆ, ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲಿಲ್ಲ ಎಂಬುದೊಂದೇ ಕಾರಣಕ್ಕೆ ಕೈ ಹಾಕಬೇಡಿ ಎಂದಿತು. ಎಲ್ಲರಿಗೂ ಕತ್ತರಿ ಹಾಕುವ ರೂಢಿ ಬೇಡ, ಬೇಕಾದ ಭಂಗಿಯಲ್ಲಿ ಹೆರಲು ಬಿಡಿ ಎಂಬ ಮಾತುಗಳೂ ಅದೇ ಮಾರ್ಗಸೂಚಿಯಲ್ಲಿವೆ.

ನಾರ್ಮಲ್ ಬರುವ ಮುಂಚೆ ಕನ್ನಡದಲ್ಲಿ ಏನೆನ್ನುತ್ತಿದ್ದರು? ಓದಿದವರು ಸುಖಪ್ರಸವ ಎನ್ನುತ್ತಿದ್ದರು. ಆ ಪದದಲ್ಲಿ ಅಳತೆಗೋಲಿಲ್ಲ. ಹೆತ್ತವಳ ಸುಖ ಇದೆ. ಅದೀಗ ಪಾಪ, ತಡವಾಗಿ ತೆರೆಕಂಡ ಸಿನಿಮಾಗಳ ವಿಮರ್ಶೆಯಲ್ಲಿ ಮಾತ್ರ ಸಿಗುತ್ತದೆ. ಮನೆಮಾತಿನಲ್ಲಿ ಇದ್ದದ್ದು ಹೆರುವುದು, ಉತ್ತರ ಕರ್ನಾಟಕದಲ್ಲಿ ಹಡೆಯುವುದು. ಹಳಗನ್ನಡದ ‘ಪೆಱು’ ಹೆರು ಆಯಿತು, ‘ಪಡೆ’ ಹಡೆ ಆಯಿತು. ಪಡೆ ಎಂದರೆ ಪಡೆಯುವುದು, ಗಳಿಸುವುದು. ತಮಿಳಿನಲ್ಲಿ ಇಂದಿಗೂ ‘ಪೆಱು’ ಎಂದರೆ ಪಡೆ ಎಂದೇ ಅರ್ಥ. ಕನ್ನಡ ಒಂದು ಜಾಣತನ ಮಾಡಿತು: ಪ್ರಶಸ್ತಿಗೆ ಪಡೆಯುವುದನ್ನು ಬಿಟ್ಟುಕೊಟ್ಟು, ಮಗುವಿಗೆ ಹಡೆಯುವುದನ್ನು ಇಟ್ಟುಕೊಂಡಿತು. ಹೆತ್ತಳು, ಹಡೆದಳು ಎಂಬ ಈ ಕ್ರಿಯಾಪದಗಳ ಕರ್ತೃ ತಾಯಿಯೇ. ‘ಡೆಲಿವರಿ ಮಾಡಿಸಿದರು’ ಎಂದಾಗ ಕರ್ತೃವಿನ ಜಾಗದಲ್ಲಿ ಬೇರೆ ಯಾರೋ ಬಂದು ನಿಲ್ಲುತ್ತಾರೆ.

ಇನ್ನೊಂದು ಪದ ಸೂಲು. ದನದ ಜಾತ್ರೆಯಲ್ಲಿ ಎಮ್ಮೆಯ ಕೆಚ್ಚಲು ಮುಟ್ಟಿ ನೋಡುತ್ತ ‘ಎಷ್ಟನೇ ಸೂಲು?’ ಎಂದು ಕೇಳುವುದು ಇಂದಿಗೂ ಇದೆ. ಮನುಷ್ಯರ ಮಟ್ಟಿಗೆ ಅದು ಉಳಿದಿರುವುದು ಸೂಲಗಿತ್ತಿ ಎಂಬಲ್ಲಿ ಮಾತ್ರ. ಮದುವಣಗಿತ್ತಿ, ಓರಗಿತ್ತಿಯರ ಸಾಲಿನ ಪದ ಅದು. ಸೂಲಿನ ಹೊತ್ತಿಗೆ ಒದಗುವವಳು.

ಎಮ್ಮೆಯ ಮಾತು ಬಂತಲ್ಲ, ಕೊಟ್ಟಿಗೆಯ ಬಾಗಿಲಲ್ಲಿ ಸ್ವಲ್ಪ ನಿಲ್ಲಬೇಕು. ಕರು ಹಾಕುವ ಹಸು ರಾತ್ರಿಯನ್ನು, ಮೂಲೆಯನ್ನು ಹುಡುಕುತ್ತದೆ. ಅನುಭವಸ್ಥ ರೈತ ಲೈಟು ಹಾಕುವುದಿಲ್ಲ, ಹುಡುಗರನ್ನು ಹತ್ತಿರ ಬಿಡುವುದಿಲ್ಲ, ಬೀಡಿ ಹಚ್ಚಿಕೊಂಡು ಹೊರಗೆ ಕೂತು ಕಿವಿಯಲ್ಲೇ ಎಲ್ಲವನ್ನೂ ನೋಡುತ್ತಿರುತ್ತಾನೆ. ಅಡ್ಡಿಪಡಿಸದಿರುವುದೂ ಒಂದು ಕೆಲಸ ಎಂದು ಅವನಿಗೆ ಗೊತ್ತು. ಅಮೆರಿಕದ ನೈಲ್ಸ್ ನ್ಯೂಟನ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಮರಿ ಹಾಕುತ್ತಿರುವ ಇಲಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ನಡುವೆ ಇಲಿಯನ್ನು ಎತ್ತಿ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡರೂ ಸಾಕು, ಮುಂದಿನ ಮರಿ ತಡವಾಗುತ್ತಿತ್ತು.

ಕಾರಣ ರಕ್ತದಲ್ಲಿದೆ. ಗರ್ಭಚೀಲವನ್ನು ಹಿಂಡುವ, ಆಮೇಲೆ ಎದೆಹಾಲು ಇಳಿಸುವ ರಸದೂತ ಆಕ್ಸಿಟೋಸಿನ್. ಹೆದರಿಕೆಯ ಅಡ್ರಿನಲಿನ್ ಏರಿದರೆ ಇದು ಹಿಂಜರಿಯುತ್ತದೆ. ಅಪರಿಚಿತರ ನಡುವೆ, ಕಣ್ಣು ಕುಕ್ಕುವ ಬೆಳಕಿನಲ್ಲಿ, ಗದರಿಕೆ ಕೇಳುತ್ತ ಮಲಗಿದವಳ ನೋವು ನಿಂತುಬಿಡುವುದು ಅವಳ ದೇಹದ ಸೋಮಾರಿತನದಿಂದಲ್ಲ. ಈ ರಸದೂತದ ಹೆಸರೂ ಒಂದು ಪದಚರಿತ್ರೆಯೇ: ಗ್ರೀಕಿನಲ್ಲಿ ‘ಶೀಘ್ರ ಹೆರಿಗೆ’ ಎಂದರ್ಥ. 1953ರಲ್ಲಿ ವಿನ್ಸೆಂಟ್ ಡು ವಿನ್ಯೋ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು, 1955ರಲ್ಲಿ ಅವರಿಗೆ ನೊಬೆಲ್ ಬಂತು. ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸಿ ಅದು ಉಳಿಸಿದ ಜೀವಗಳು ಲೆಕ್ಕವಿಲ್ಲದಷ್ಟು. ಆದರೆ ಡ್ರಿಪ್ಪಿನಲ್ಲಿ ಹನಿಯುವ ಆಕ್ಸಿಟೋಸಿನ್ ತಾಯಿಯ ದೇಹದ ಲಯ ಕೇಳಿಕೊಂಡು ಹನಿಯುವುದಿಲ್ಲ. ಹೆಚ್ಚಾದರೆ ಗರ್ಭಚೀಲ ಬಿಡುವು ಕೊಡದೆ ಹಿಂಡುತ್ತದೆ, ಮಗುವಿನ ಎದೆಬಡಿತ ತಪ್ಪುತ್ತದೆ, ಎಲ್ಲರೂ ಆಪರೇಷನ್ ಥಿಯೇಟರಿನತ್ತ ಓಡಬೇಕಾಗುತ್ತದೆ.

ಹಾಗೆಂದು ಹಳೆಯದೆಲ್ಲ ಹೊನ್ನು ಎಂದು ಹೊರಟರೆ ದಾರಿ ತಪ್ಪಿದಂತೆಯೇ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅಜ್ಜಿಯಿಂದ ಕಲಿತ ವಿದ್ಯೆಯಲ್ಲಿ 15,000ಕ್ಕೂ ಹೆಚ್ಚು ಹೆರಿಗೆಗಳಿಗೆ ಒದಗಿದರು, 2018ರಲ್ಲಿ ಪದ್ಮಶ್ರೀ ಪಡೆದರು, ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಂಥ ಕೈ ಎಲ್ಲ ಊರಿಗೂ ಸಿಕ್ಕಿರಲಿಲ್ಲ. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 2001–03ರಲ್ಲಿ 228 ತಾಯಂದಿರು ಸಾಯುತ್ತಿದ್ದರು, 2018–20ರ ಹೊತ್ತಿಗೆ ಆ ಸಂಖ್ಯೆ 69ಕ್ಕೆ ಇಳಿಯಿತು. ಈ ಇಳಿಕೆಯಲ್ಲಿ ಆಸ್ಪತ್ರೆಯ ಬಾಗಿಲು, ರಕ್ತದ ಬಾಟ್ಲಿ, ಹೊತ್ತಿಗೆ ಸರಿಯಾಗಿ ಆದ ಸಿಸೇರಿಯನ್ ಎಲ್ಲದರ ಪಾಲೂ ಇದೆ. ಮಗು ಅಡ್ಡ ತಿರುಗಿದಾಗ, ಮಾಸು ಗರ್ಭದ ಬಾಯಿಗೆ ಅಡ್ಡ ಕೂತಾಗ ಕತ್ತಿಯೇ ದೇವರು. ಇನ್ನೊಂದು ಕಡೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31.5 ಹೆರಿಗೆ ಸಿಸೇರಿಯನ್. ದೇಶದ ಸರಾಸರಿ 21.5. ಇಷ್ಟೊಂದು ಮಕ್ಕಳು ಅಡ್ಡ ತಿರುಗುತ್ತಿವೆಯೇ?

ಮಗುವಿನ ಕಡೆಯಿಂದ ನೋಡಿದರೆ ಅಡ್ಡಿಯಿಲ್ಲದ ಹೆರಿಗೆಯ ಲಾಭ ಕೈಗೆ ಸಿಗುವಷ್ಟು ಸ್ಪಷ್ಟ. ನೋವಿನ ಹೊತ್ತಿನಲ್ಲಿ ಮಗುವಿನ ಮೈಯಲ್ಲಿ ಏರುವ ರಸದೂತಗಳು ಅದರ ಶ್ವಾಸಕೋಶದ ನೀರು ಇಂಗಲು ನೆರವಾಗುತ್ತವೆ. ನೋವೇ ಬಾರದೆ ಕೊಯ್ದು ತೆಗೆದ ಕೂಸುಗಳಲ್ಲಿ ಏದುಸಿರು ಹೆಚ್ಚಾಗಿ ಕಾಣುವುದು ಇದರಿಂದಲೇ. ಹೊಕ್ಕುಳಬಳ್ಳಿ ಒಂದು ನಿಮಿಷಕ್ಕಿಂತ ಮೊದಲು ಬಿಗಿಯದೆ, ಮಿಡಿತ ತಗ್ಗುವವರೆಗೆ ಬಿಟ್ಟರೆ ಮಾಸಿನಲ್ಲಿದ್ದ ರಕ್ತ ಮಗುವಿಗೇ ಸೇರಿ ಮುಂದಿನ ತಿಂಗಳುಗಳಿಗೆ ಕಬ್ಬಿಣದ ಗಂಟಾಗುತ್ತದೆ. ಹುಟ್ಟಿದ ಮೊದಲ ಗಂಟೆ ಕೂಸು ಕಣ್ಣರಳಿಸಿ ಎಚ್ಚರವಾಗಿರುತ್ತದೆ. ಬರಿಮೈಯಲ್ಲಿ ತಾಯಿಯ ಎದೆಯ ಮೇಲೆ ಬಿಟ್ಟರೆ ನಿಧಾನಕ್ಕೆ ಕಾಲು ಒತ್ತುತ್ತ, ಮೂಗು ಉಜ್ಜುತ್ತ ತಾನೇ ಮೊಲೆ ಹುಡುಕುತ್ತದೆ. ಆ ಒತ್ತು, ಆ ಚೀಪುವಿಕೆ ತಾಯಿಯಲ್ಲಿ ಮತ್ತೆ ಆಕ್ಸಿಟೋಸಿನ್ ಹರಿಸುತ್ತದೆ, ಗರ್ಭಚೀಲ ಬಿಗಿಯುತ್ತದೆ. ಇದೇ ಗಂಟೆಯಲ್ಲಿ ಮಗುವನ್ನು ತೂಕ, ಸ್ನಾನ, ಫೋಟೊ ಎಂದು ಎತ್ತಿಕೊಂಡು ಹೋಗುವವರೇ ಮರುದಿನ ‘ಹಾಲು ಬರ್ತಿಲ್ಲ’ ಎಂದು ಡಬ್ಬಿ ತರಿಸುತ್ತಾರೆ. ಮೊದಲ ಸ್ನಾನಕ್ಕೆ 24 ಗಂಟೆ ತಡೆಯಿರಿ ಎಂಬುದೂ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಳಲ್ಲಿದೆ.

ತಾಯಿಗೆ ಬೇಕಾದ್ದು ಇದಕ್ಕಿಂತ ಅಗ್ಗ: ಜೊತೆಗೊಬ್ಬಳು. 26 ಅಧ್ಯಯನಗಳನ್ನು, 15,000ಕ್ಕೂ ಹೆಚ್ಚು ಹೆಂಗಸರ ಅನುಭವವನ್ನು ಒಟ್ಟುಗೂಡಿಸಿದ 2017ರ ಕೊಕ್ರೇನ್ ಪರಿಶೀಲನೆಯಲ್ಲಿ, ಉದ್ದಕ್ಕೂ ಒಬ್ಬರು ಪಕ್ಕದಲ್ಲಿದ್ದವರಿಗೆ ತಾವಾಗಿ ಹೆರುವ ಸಾಧ್ಯತೆ ಹೆಚ್ಚಿತ್ತು, ಹೆರಿಗೆಯ ಅವಧಿ ಕಡಿಮೆಯಿತ್ತು. ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಜೊತೆಗಾತಿಗೆ ಒಪ್ಪಿಗೆ ಕೊಟ್ಟಿದೆ. ಫ್ಲಾಸ್ಕು ಹಿಡಿದ ಅವ್ವನನ್ನು ಒಳಗೆ ಬಿಟ್ಟರೆ ಮುಗಿಯಿತು; ಅವಳು ಸೊಂಟ ಒತ್ತುತ್ತಾಳೆ, ಬೆವರು ಒರೆಸುತ್ತಾಳೆ, ಗದರುವವರನ್ನೂ ಒಂದಿಷ್ಟು ತಡೆಯುತ್ತಾಳೆ.

ಪದಕ್ಕೆ ಇನ್ನೊಂದು ಕೆಟ್ಟ ಬಳಕೆಯೂ ಅಂಟಿಕೊಂಡಿದೆ. ‘ನಂಗೆ ನಾರ್ಮಲ್ ಆಗ್ಲಿಲ್ಲ’ ಎಂದು ಹೇಳುವಾಗ ಎಷ್ಟೋ ಬಾಣಂತಿಯರ ದನಿ ಪರೀಕ್ಷೆಯಲ್ಲಿ ನಪಾಸಾದವರ ಹಾಗೆ ತಗ್ಗುತ್ತದೆ. ಹೊಟ್ಟೆ ಕೊಯ್ಸಿಕೊಂಡು ಮರುದಿನವೇ ಎದ್ದು ಮಗುವಿಗೆ ಹಾಲೂಡಿಸುವವಳನ್ನು ನಾರ್ಮಲ್ ಅಲ್ಲದವಳ ಸಾಲಿಗೆ ತಳ್ಳುವ ಪದದ ಮೇಲೆ ಸಿಟ್ಟು ಬಂದರೆ ಆಶ್ಚರ್ಯವಿಲ್ಲ.

ತುಮಕೂರು ಕಡೆಯ ಹಳ್ಳಿಯೊಂದರ ಅಜ್ಜಿಗೆ ಬೆಂಗಳೂರಿನ ಮೊಮ್ಮಗ ಫೋನು ಮಾಡುತ್ತಾನೆ, ತಂಗಿಗೆ ಏನಾಯಿತೆಂದು.

‘ಕೋಳಿ ಕೂಗೋ ಹೊತ್ಗೆ ಹೆತ್ಲು ಕಣಪ್ಪ. ಕೂಸು ಅವಳ ಎದೆ ಮ್ಯಾಲೇ ಮಲಗೈತೆ. ಹೊಟ್ಟೆ ಹಸೀತೈತೆ ಅಂತ ಅನ್ನ ಸಾರು ಕೇಳ್ತಾವ್ಳೆ.’

‘ಅದು ಸರಿ ಅಜ್ಜಿ, ನಾರ್ಮಲ್ಲಾ?’