ಅಂಗೈ ಮೇಲಿನ ಮೋಟಾರುಗಳ ಇತಿಹಾಸ



ರಾಜ್ಯೋತ್ಸವದ ಸಂಚಿಕೆಗೆ ಏನಾದರೂ ಐತಿಹಾಸಿಕವಾದುದನ್ನು ಬರೆದುಕೊಡಿರೆಂದು ಸಂಘದ ಹಿರಿಯರು ಅಪ್ಪಣೆ ಮಾಡಿದಾಗ, ಕದಂಬರನ್ನೋ ಚಾಲುಕ್ಯರನ್ನೋ ಕುರಿತು ಬರೆಯುವಷ್ಟು ವಿದ್ವತ್ತು ನಮ್ಮಲ್ಲಿಲ್ಲವೆಂದು ಕೈಮುಗಿದೆವು. ನಾವು ಓದಿದುದು ವಾಣಿಜ್ಯಶಾಸ್ತ್ರ; ಹೊಟ್ಟೆ ಹೊರೆಯುವುದು ಬ್ಯಾಂಕಿನ ಗುಮಾಸ್ತಿಕೆಯಿಂದ. “ಹಾಗಾದರೆ ನಿಮ್ಮ ಆ ಆಟಿಕೆ ಲಾರಿಗಳ ಇತಿಹಾಸವನ್ನೇ ಬರೆಯಿರಿ” ಎಂದು ಅವರು ನಕ್ಕರು. ವಿನೋದಕ್ಕೆಂದು ಆಡಿದ ಮಾತನ್ನು ನಾವು ನಿಜವೆಂದೇ ಹಿಡಿದು ಈ ಲೇಖನಕ್ಕೆ ಕೈಹಾಕಿದ್ದೇವೆ.

ರಟ್ಟು, ಮರ, ತಗಡುಗಳಿಂದ ಕಾರು ಲಾರಿಗಳ ಪುಟ್ಟ ಪ್ರತಿಕೃತಿಗಳನ್ನು ಅಳತೆಗೆ ಸರಿಯಾಗಿ ಕಟ್ಟಿ ಬಣ್ಣ ಹಚ್ಚುವುದು ನಮ್ಮ ಬಿಡುವಿನ ವೇಳೆಯ ಹವ್ಯಾಸ. ಮೂವತ್ತು ದಾಟಿದ ಸಂಸಾರಸ್ಥನಿಗೆ ಇದು ತಕ್ಕುದಲ್ಲವೆಂಬುದು ಹಲವರ ಅಭಿಪ್ರಾಯ. ಆದರೆ ಚರಿತ್ರೆಯನ್ನು ತೆರೆದು ನೋಡಿದರೆ ಬಂಡಿಯನ್ನು ಕಿರಿದು ಮಾಡಿ ನೋಡುವ ಆಸೆ ಮನುಷ್ಯನಿಗೆ ಬಹು ಹಳೆಯದು ಎಂಬುದು ತಿಳಿಯುತ್ತದೆ.

ದೂರ ಹೋಗಬೇಕಾಗಿಲ್ಲ. ನಾವು ಬಾಳುತ್ತಿರುವ ಈ ಮಹಾರಾಷ್ಟ್ರದಲ್ಲಿಯೇ, ಆಗಿನ ಅಹಮದ್‌ನಗರದ ಸೀಮೆಯ ದೈಮಾಬಾದಿನಲ್ಲಿ 1974ರಲ್ಲಿ ನೆಲದಡಿಯಿಂದ ಒಂದು ಕಂಚಿನ ರಥ ದೊರೆಯಿತು. ಎರಡು ಎತ್ತುಗಳು, ಎರಡು ಗಾಲಿಗಳು, ನಿಂತು ಓಡಿಸುವ ಒಬ್ಬ ಮನುಷ್ಯ. ಉದ್ದ ಸುಮಾರು ಒಂದೂವರೆ ಅಡಿ. ಅದು ಮೂರೂವರೆ ಸಾವಿರ ವರ್ಷಗಳಿಗೂ ಹಿಂದಿನದೆಂದು ವಿದ್ವಾಂಸರು ಎಣಿಸುತ್ತಾರೆ. ಹರಪ್ಪಾದ ಮಣ್ಣಿನ ಬಂಡಿಗಳಂತೂ ಪ್ರಸಿದ್ಧವೇ ಆಗಿವೆ. ಶೂದ್ರಕನ ‘ಮೃಚ್ಛಕಟಿಕ’ ನಾಟಕಕ್ಕೆ ಹೆಸರು ಬಂದುದು ಒಂದು ಮಣ್ಣಿನ ಬಂಡಿಯಿಂದಲೇ ಅಲ್ಲವೆ? ನೆರೆಮನೆಯ ಹುಡುಗನಿಗೆ ಚಿನ್ನದ ಬಂಡಿ, ಚಾರುದತ್ತನ ಮಗನಿಗೆ ಮಣ್ಣಿನದು. ಆ ಕೂಸಿನ ಅಳುವನ್ನು ಕಂಡು ವಸಂತಸೇನೆ ತನ್ನ ಒಡವೆಗಳನ್ನೆಲ್ಲ ಆ ಬಂಡಿಯೊಳಗೆ ಸುರಿದಳು.

ಇನ್ನು ನಮ್ಮ ಹಂಪೆ. ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥ ವಾಸ್ತವವಾಗಿ ಗರುಡನ ಗುಡಿ. ಮರದ ತೇರನ್ನು ಕಲ್ಲಿನಲ್ಲಿ ಕಡೆದು ನಿಲ್ಲಿಸಿದ ಶಿಲ್ಪಿಗಳು ಅಷ್ಟಕ್ಕೇ ತೃಪ್ತರಾಗಲಿಲ್ಲ. ಅದಕ್ಕೆ ಬಣ್ಣವನ್ನೂ ಬಳಿದಿದ್ದರು. ಮಳೆ ಬಿಸಿಲು ತಾಕದ ಎಡೆಗಳಲ್ಲಿ ಆ ಬಣ್ಣದ ಗುರುತು ಉಳಿದುಬಂದಿದೆ. ಕಟ್ಟುವುದು, ಬಣ್ಣ ಹಚ್ಚುವುದು, ಈ ಎರಡೂ ಸೇರಿದರೇ ಪ್ರತಿಕೃತಿ ಪೂರ್ಣವೆಂಬುದನ್ನು ವಿಜಯನಗರದವರು ಅರಿತಿದ್ದರು.

ಆದರೆ ಇವು ಯಾವುವೂ ಅಳತೆಗೆ ಕಟ್ಟಿದ ಪ್ರತಿಕೃತಿಗಳಲ್ಲ. ಅಳತೆಗೆ ಕಟ್ಟುವುದೆಂದರೆ ಅನುಪಾತ ತಪ್ಪದಿರುವುದು. ಲೋಣಾವಳಾದಲ್ಲಿ ನೆಲೆಸಿದ ನಮಗೆ ಅನುಪಾತವೆಂದರೇನೆಂಬುದನ್ನು ರೈಲೇ ಕಲಿಸುತ್ತದೆ. 1863ರಲ್ಲಿ ಸಂಚಾರಕ್ಕೆ ತೆರೆದ ಬೋರ್ ಘಾಟಿನ ರೈಲುಮಾರ್ಗದ ಅತಿ ಕಡಿದಾದ ಏರು 37ಕ್ಕೆ 1. ಅಂದರೆ 37 ಅಡಿ ಮುಂದೆ ಸರಿದರೆ 1 ಅಡಿ ಮೇಲೇರಬೇಕು. ಪುಟ್ಟ ಮೋಟಾರಿನ ಲೆಕ್ಕವೂ ಹಾಗೆಯೇ. ಅನುಪಾತ 43ಕ್ಕೆ 1 ಎಂದರೆ ನಿಜವಾದ ಕಾರಿನ 43 ಅಂಗುಲ ಇಲ್ಲಿ 1 ಅಂಗುಲ. ನಾಲ್ಕು ಮೀಟರಿಗಿಂತ ಸ್ವಲ್ಪ ಉದ್ದವಾದ ಅಂಬಾಸಡರ್ ಕಾರು ಈ ಲೆಕ್ಕದಲ್ಲಿ 10 ಸೆಂಟಿಮೀಟರಾಗಿ ಅಂಗೈ ಮೇಲೆ ಕೂಡುತ್ತದೆ. ಚಕ್ರ, ಬಾಗಿಲು, ದೀಪ ಎಲ್ಲವೂ ಇದೇ ಲೆಕ್ಕಕ್ಕೆ ಬದ್ಧ. ಒಂದು ತಪ್ಪಿದರೂ ತಾಳೆಪಟ್ಟಿ ಹೊಂದುವುದಿಲ್ಲ.

ಈ 43 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂದಿತು? ಇದರ ಮೂಲವೂ ರೈಲೇ. ಇಂಗ್ಲೆಂಡಿನ ಆಟಿಕೆ ರೈಲುಗಳಲ್ಲಿ 1 ಅಡಿಗೆ 7 ಮಿಲಿಮೀಟರು ಎಂಬ ಅಳತೆ ಬಳಕೆಯಲ್ಲಿದ್ದಿತು. ಅಡಿಯೊಂದಕ್ಕೆ ಸುಮಾರು 305 ಮಿಲಿಮೀಟರು. ಅದನ್ನು 7ರಿಂದ ಭಾಗಿಸಿದರೆ 43ಕ್ಕೆ ಚೂರು ಹೆಚ್ಚು. ಲಿವರ್‌ಪೂಲಿನ ಫ್ರ್ಯಾಂಕ್ ಹಾರ್ನ್‌ಬಿ ಎಂಬವರ ಮೆಕ್ಯಾನೊ ಸಂಸ್ಥೆ ತನ್ನ ಆಟಿಕೆ ರೈಲುನಿಲ್ದಾಣಗಳ ಹೊರಗೆ ನಿಲ್ಲಿಸಲೆಂದು 1933ರ ಸುಮಾರಿಗೆ ಪುಟ್ಟ ವಾಹನಗಳನ್ನು ಎರಕ ಹೊಯ್ಯಿಸಿತು. 1934ರಲ್ಲಿ ಅವುಗಳಿಗೆ ಡಿಂಕಿ ಎಂದು ಹೆಸರಾಯಿತು. ರೈಲಿಗೆ ಅಲಂಕಾರವಾಗಿ ಬಂದ ಕಾರು ಕೊನೆಗೆ ರೈಲನ್ನೇ ಮೂಲೆಗೆ ತಳ್ಳಿತು. ಸತುವಿನ ಮಿಶ್ರಲೋಹವನ್ನು ಕರಗಿಸಿ ಉಕ್ಕಿನ ಅಚ್ಚಿಗೆ ಒತ್ತುವುದು ಇದರ ತಯಾರಿಕೆಯ ಕ್ರಮ. ಆ ಲೋಹದಲ್ಲಿ ಸೀಸದ ಕಲ್ಮಷ ಸೇರಿದ್ದ ಕೆಲವು ಆರಂಭದ ಕಾರುಗಳು ವರ್ಷಗಳು ಕಳೆದಂತೆ ತಾವಾಗಿಯೇ ಬಿರಿದು ಪುಡಿಯಾದುವು. ಶುದ್ಧತೆ ತಪ್ಪಿದ ಸರಕು ಎಷ್ಟು ಚೆಂದವಾಗಿದ್ದರೇನು!

ಎರಡನೆಯ ಮಹಾಯುದ್ಧ ಮುಗಿದ ಬಳಿಕ, 1947ರಲ್ಲಿ ಲಂಡನ್ನಿನಲ್ಲಿ ಲೆಸ್ನಿ ಎಂಬ ಎರಕದ ಸಂಸ್ಥೆ ಹುಟ್ಟಿತು. ಅದರ ಪಾಲುದಾರರಾದ ಜ್ಯಾಕ್ ಓಡೆಲ್ ಎಂಬವರ ಮಗಳ ಶಾಲೆಯಲ್ಲಿ ಒಂದು ನಿಯಮವಿದ್ದಿತು: ಬೆಂಕಿಪೆಟ್ಟಿಗೆಯೊಳಗೆ ಹಿಡಿಸುವ ಆಟಿಕೆಯನ್ನು ಮಾತ್ರ ತರಬಹುದು. ತಂದೆ ರಸ್ತೆ ತುಳಿಯುವ ಯಂತ್ರವೊಂದನ್ನು ಅಷ್ಟು ಪುಟ್ಟದಾಗಿ ಮಾಡಿಕೊಟ್ಟರು. 1953ರಲ್ಲಿ ಮಾರುಕಟ್ಟೆಗೆ ಬಂದ ಮ್ಯಾಚ್‌ಬಾಕ್ಸ್ ಕಾರುಗಳ ಹುಟ್ಟು ಅದೇ. ಇಲ್ಲಿ ಅನುಪಾತಕ್ಕಿಂತ ಪೆಟ್ಟಿಗೆಯೇ ದೊಡ್ಡದಾಯಿತು. ಬಸ್ಸಾಗಲಿ ಕಾರಾಗಲಿ ಅದರೊಳಗೇ ಹಿಡಿಸಬೇಕು. ಆದ್ದರಿಂದ ನಮ್ಮಂಥ ಲೆಕ್ಕಿಗರಿಗೆ ಅವು ಅಷ್ಟಾಗಿ ಹಿಡಿಸವು.

ಅಮೆರಿಕದಲ್ಲಿ ಈ ಕೆಲಸ ಬೇರೊಂದು ದಾರಿ ಹಿಡಿಯಿತು. ಜನರಲ್ ಮೋಟಾರ್ಸಿಗೆ ಸೇರಿದ ಫಿಶರ್ ಬಾಡಿ ವಿಭಾಗವು 1930ರಿಂದ 1968ರ ವರೆಗೆ ಹುಡುಗರಿಗಾಗಿ ಪ್ರತಿಕೃತಿ ಕಟ್ಟುವ ಸ್ಪರ್ಧೆಯನ್ನು ನಡೆಸಿತು. ಮೊದಲು ಕಟ್ಟಬೇಕಾಗಿದ್ದುದು ನೆಪೋಲಿಯನ್ನನ ಕಾಲದ ಸಾರೋಟು. ಆಮೇಲೆ ತಮ್ಮದೇ ಕಲ್ಪನೆಯ ಮೋಟಾರು. ಗೆದ್ದವರಿಗೆ ಕಾಲೇಜಿನ ವಿದ್ಯಾರ್ಥಿವೇತನ. ಹೀಗೆ ಮನೆಯ ಮೂಲೆಯಲ್ಲಿ ಮರ ಕೆತ್ತಿದ ಹುಡುಗರಲ್ಲಿ ಹಲವರು ಮುಂದೆ ನಿಜವಾದ ಕಾರುಗಳಿಗೆ ರೂಪ ಕೊಡುವವರಾದರು. ದೊಡ್ಡ ಕಾರ್ಖಾನೆಗಳಲ್ಲಿಯೂ ಕಾರು ಮೊದಲು ಹುಟ್ಟುವುದು ಜೇಡಿಯ ಪ್ರತಿಕೃತಿಯಾಗಿ. ಆಟಿಕೆಯೆಂದು ನಗುವವರು ಇದನ್ನು ನೆನೆಯಬೇಕು.

ಇನ್ನು ನಮ್ಮ ದೇಶದ ಮಾತು. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಓದಿ, ಖಡಕವಾಸಲೆಯ ಅಣೆಕಟ್ಟಿಗೆ ತಾವಾಗಿಯೇ ತೆರೆಯುವ ಬಾಗಿಲುಗಳನ್ನು ಜೋಡಿಸಿದ ನಮ್ಮ ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಭಾರತದಲ್ಲಿ ಮೋಟಾರು ಕಾರ್ಖಾನೆಯಾಗಬೇಕೆಂದು ವಿದೇಶಗಳನ್ನು ಸುತ್ತಿ ಯೋಜನೆ ಸಿದ್ಧಪಡಿಸಿದರು. ವಾಲಚಂದ ಹಿರಾಚಂದರು ಅವರೊಡನೆ ನಿಂತರು. ಆಗಿನ ಬ್ರಿಟಿಷ್ ಸರ್ಕಾರ ಒಲವು ತೋರಲಿಲ್ಲ. 1944ರಲ್ಲಿ ವಾಲಚಂದರು ಪ್ರೀಮಿಯರ್ ಕಂಪನಿಯನ್ನು ಕಟ್ಟಿದರು. ಕಾರ್ಖಾನೆ ಎದ್ದುದು ಮುಂಬಯಿಯ ಕುರ್ಲಾದಲ್ಲಿ. ಮೈಸೂರು ಸೀಮೆಗೆ ಆ ಭಾಗ್ಯ ಅಂದು ಒದಗಲಿಲ್ಲ.

ಕಲ್ಕತ್ತೆಯ ಬಳಿಯ ಉತ್ತರಪಾಡಾದಲ್ಲಿ ತಯಾರಾದ ಅಂಬಾಸಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ರೂಪಾಂತರ. ಅದರ ತಯಾರಿಕೆ ನಿಂತುದು 2014ರಲ್ಲಿ. ಅಷ್ಟೇ ಸ್ವಾರಸ್ಯದ ಸಂಗತಿ ಇನ್ನೊಂದುಂಟು. 1960ರ ದಶಕದ ಕೊನೆಗೆ ಡಿಂಕಿಯ ಕೆಲವು ಹಳೆಯ ಅಚ್ಚುಗಳೂ ಅದೇ ಕಲ್ಕತ್ತೆಗೆ ಬಂದುವು. ಅವುಗಳಿಂದ ಎರಕ ಹೊಯ್ದ ಕಾರುಗಳು ‘ನಿಕ್ಕಿ’ ಎಂಬ ಹೆಸರಿನಲ್ಲಿ ಮಾರಾಟವಾದುವು. ದೊಡ್ಡ ಕಾರೂ ಸಣ್ಣ ಕಾರೂ ವಿಲಾಯಿತಿಯಲ್ಲಿ ಹಳತಾದ ಮೇಲೆ ಒಂದೇ ಊರಿಗೆ ಬಂದು ಎರಡನೆಯ ಬಾಳು ಬಾಳಿದುವು. ಲಾರಿಯ ಕಥೆಯೂ ಇದಕ್ಕೆ ದೂರವಲ್ಲ. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಲಾರಿ ತಯಾರಿಸಿದರು. 1969ರಲ್ಲಿ ಒಪ್ಪಂದ ಮುಗಿದಾಗ ಮೂತಿಯ ಮೇಲಿನ ನಕ್ಷತ್ರ ಹೋಗಿ ಟಾಟಾ ಅಕ್ಷರ ಬಂದಿತು. ಪ್ರತಿಕೃತಿ ಕಟ್ಟುವವನು ಇಂಥ ಸಣ್ಣ ಗುರುತಿನಲ್ಲಿ ತಪ್ಪಿದರೆ ಲಾರಿಯ ವಯಸ್ಸೇ ತಪ್ಪುತ್ತದೆ.

ಹಾಗಾದರೆ ಕನ್ನಡನಾಡಿನ ಪಾಲೇನು? ಕಾರ್ಖಾನೆ ಬರದಿದ್ದರೇನು, ಕೈಕಸಬು ಇದ್ದಿತು. ಬೆಂಗಳೂರು-ಮೈಸೂರು ದಾರಿಯ ಚನ್ನಪಟ್ಟಣದ ಕಸಬುದಾರರು ಹಾಲೆ ಮರದ ತುಂಡನ್ನು ಚರಕಿಗೆ ಕೊಟ್ಟು ತಿರುಗಿಸುತ್ತಾರೆ. ತಿರುಗುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಒಣಗಿದ ಗರಿಯಿಂದ ತಿಕ್ಕಿದರೆ ಹೊಳಪು. ಬಣ್ಣ ಬಳಿದು ಒಣಗಲೆಂದು ಕಾಯುವ ತೊಂದರೆಯೇ ಇಲ್ಲ. ಈ ಕಸಬು ಟಿಪ್ಪುವಿನ ಕಾಲದ್ದೆಂದು ಹೇಳಿಕೆಯುಂಟು. 20ನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಎಂಬವರು ಜಪಾನಿನ ಕ್ರಮಗಳನ್ನು ಇಲ್ಲಿಗೆ ತಂದರೆಂದು ಅವರನ್ನು ಈ ಕಸಬಿನ ಪಿತಾಮಹರಂತೆ ಸ್ಮರಿಸುತ್ತಾರೆ. ಚರಕಿಯಲ್ಲಿ ಹುಟ್ಟಿದುದೆಲ್ಲ ದುಂಡು. ಆದುದರಿಂದ ಚನ್ನಪಟ್ಟಣದ ಕಾರಿಗೆ ಗಾಲಿಯೂ ದುಂಡು, ಓಡಿಸುವವನ ತಲೆಯೂ ದುಂಡು.

ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರದು ಇನ್ನೊಂದು ಬಗೆ. ಅವರು ಹಗುರಾದ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಜೋಡಿಸಿ, ಮೈಯನ್ನು ನುಣುಪು ಮಾಡಿಕೊಂಡು, ಆಮೇಲೆ ಕುಂಚ ಹಿಡಿಯುತ್ತಾರೆ. ಅವರ ಪೂರ್ವಿಕರಿಗೂ ವಿಜಯನಗರಕ್ಕೂ ನಂಟಿದೆಯೆಂದು ಪ್ರತೀತಿ. ಚನ್ನಪಟ್ಟಣದ ಗಾಲಿ, ಕಿನ್ನಾಳದ ಕುಂಚ, ಇವೆರಡಕ್ಕೆ ಅನುಪಾತದ ಅಳತೆ ಸೇರಿದ್ದರೆ ನಮ್ಮ ನಾಡಿನ ಪುಟ್ಟ ಲಾರಿ ಯಾವ ವಿಲಾಯಿತಿ ಲಾರಿಗೂ ತಲೆಬಾಗಬೇಕಾಗಿರಲಿಲ್ಲ ಎಂಬುದು ನಮ್ಮ ನಂಬಿಕೆ. ಅಗ್ಗದ ಪ್ಲಾಸ್ಟಿಕ್ ಸಾಮಾನಿನ ಎದುರು ಆ ಕಸಬುದಾರರು ಹೆಣಗುತ್ತಿರುವಾಗ, ಹುಟ್ಟುಹಬ್ಬಕ್ಕೆ ನಾವು ಮಕ್ಕಳಿಗೆ ಕೊಳ್ಳುವುದು ಯಾವುದನ್ನು? ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಕಪಾಟನ್ನು ನೋಡಿಕೊಳ್ಳಲಿ.

ಕೊನೆಗೆ ನಮ್ಮದೇ ಒಂದು ಕಿರುಚರಿತ್ರೆ. ನಮ್ಮ ಊರು ಗೋಕಾಕ. ಕೆಲವು ವರ್ಷಗಳ ಹಿಂದೆ ಚಿಕ್ಕಿ ಪೊಟ್ಟಣದ ರಟ್ಟಿನಿಂದ ಮೊದಲ ಲಾರಿಗೆ ಕೈಹಾಕಿದೆವು. ಅನುಪಾತ 24ಕ್ಕೆ 1, ಅಂದರೆ ಅಡಿಗೆ ಅರ್ಧ ಅಂಗುಲ. 20 ಅಡಿಯ ಲಾರಿ 10 ಅಂಗುಲ. ಎಲ್ಲವನ್ನೂ ಲೆಕ್ಕ ಹಾಕಿದ ನಾವು ಗಾಲಿಗೆ ಮಾತ್ರ ಆಲಸ್ಯದಿಂದ ನೀರಿನ ಬಾಟಲಿಯ ಮುಚ್ಚಳಗಳನ್ನು ಇಟ್ಟೆವು. ಲಾರಿ ಜೀಪಿನ ಗಾಲಿಯ ಮೇಲೆ ನಿಂತಂತೆ ಕಂಡಿತು! ಅದು ಸಾಲದೆಂಬಂತೆ ಆಷಾಢದಲ್ಲಿ ಬಣ್ಣ ಹಚ್ಚಿದೆವು. ಲೋಣಾವಳಾದ ಮಳೆ ನಿಮಗೆ ಗೊತ್ತೇ ಇದೆ. ಎಂಟು ದಿನವಾದರೂ ಬಣ್ಣ ಕೈಗೆ ಅಂಟುತ್ತಿದ್ದಿತು. ರಟ್ಟು ಹಪ್ಪಳದಂತೆ ಉಬ್ಬಿತು. ಎಲ್ಲವನ್ನೂ ಕಿತ್ತುಹಾಕಿ, ದೀಪಾವಳಿ ಕಳೆದ ಮೇಲೆ ಮರದಲ್ಲಿ ಮತ್ತೆ ಕಟ್ಟಿದೆವು. ಬಣ್ಣವನ್ನು ತೆಳುವಾಗಿ ಮೂರು ಸಲ, ಒಂದು ಒಣಗಿದ ಮೇಲೆ ಇನ್ನೊಂದರಂತೆ ಹಚ್ಚಿದೆವು.

ಹಿಂಬದಿಯ ಹಲಗೆಗೆ ಊರ ಹೆಸರು ಬೇಕಲ್ಲವೆ? ನಿಜವಾದ ಲಾರಿಯ ಮೇಲಿನ 4 ಅಂಗುಲದ ಅಕ್ಷರ ಇಲ್ಲಿ ಸುಮಾರು 4 ಮಿಲಿಮೀಟರು. ಉಸಿರು ಹಿಡಿದು ‘ಗೋಕಾಕ’ ಎಂದು ಬರೆಯುತ್ತಿದ್ದಾಗ ನಮ್ಮ ಮಗ ಪಕ್ಕದಲ್ಲಿ ಬಂದು ಕುಳಿತ. ಶಾಲೆಯಲ್ಲಿ ಅವನು ಕಲಿಯುವುದು ಮರಾಠಿ, ಇಂಗ್ಲಿಷು. ಮನೆಯಲ್ಲಿ ಕನ್ನಡ ಮಾತನಾಡಿದರೂ ಅಕ್ಷರ ಕಲಿಸಲೆಂದು ತಂದ ಪುಸ್ತಕ ಮೂಲೆ ಸೇರಿತ್ತು. “ಇದು ಯಾವ ಅಕ್ಷರರಿ ಅಪ್ಪಾ?” ಎಂದ. ಹೇಳಿದೆವು. ಮರುದಿನ ಲಾರಿಯ ಬಾಗಿಲಿಗೆ ತನ್ನ ಹೆಸರು ಬೇಕೆಂದ. ಅಜ್ಜಿಯ ಹೆಸರು, ತಂಗಿಯ ಹೆಸರು, ಹೀಗೆ ಹಲಗೆ ತುಂಬುತ್ತ ಹೋಯಿತು.

ಆಮೇಲೆ ಒಂದು ಸಂಜೆ ಖಂಡಾಳದ ಕಡೆಗೆ ಹೋಗಿದ್ದೆವು. ಘಾಟನ್ನು ಏರಿ ಬಂದ ಲಾರಿಯೊಂದು ಹಳೆಯ ರಸ್ತೆಯ ಬದಿಗೆ ದಣಿವಾರಿಸಿಕೊಳ್ಳುತ್ತ ನಿಂತಿದ್ದಿತು. “ಅಪ್ಪಾ, ಅಲ್ಲಿ ನೋಡ್ರಿ, ನಮ್ಮ ಅಕ್ಷರ!” ಎಂದು ಹುಡುಗ ಕೈ ಜಗ್ಗಿದ. ಗೋಕಾಕವಲ್ಲ, ‘ಹುಬ್ಬಳ್ಳಿ’. ಒತ್ತಕ್ಷರಗಳಿಗೆ ತಡವರಿಸಿ, ಮೂರನೆಯ ಸಲಕ್ಕೆ ತಾನಾಗಿಯೇ ಓದಿದ. ನಮಗೆ ಏನನ್ನಿಸಿತೆಂಬುದನ್ನು ಪರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಿಮಗೆ ಬೇರೆ ಹೇಳಬೇಕಿಲ್ಲ.

ಸಂಘದ ಕಾರ್ಯಕಾರಿಗಳಲ್ಲಿ ನಮ್ಮದೊಂದು ಬಿನ್ನಹ. ಮುಂದಿನ ರಾಜ್ಯೋತ್ಸವಕ್ಕೆ ಭಾಷಣಗಳ ನಡುವೆ ಒಂದು ಮೇಜನ್ನು ಮಕ್ಕಳಿಗೆ ಬಿಟ್ಟುಕೊಡಿರಿ. ರಟ್ಟಿನದಾಗಲಿ, ಮರದ್ದಾಗಲಿ, ಅವರು ಕಟ್ಟಿದ ಬಂಡಿ, ಬಸ್ಸು, ಲಾರಿಗಳು ಅಲ್ಲಿ ಸಾಲಾಗಿ ನಿಲ್ಲಲಿ. ಷರತ್ತು ಎರಡೇ: ಅಳತೆ ತಪ್ಪಿರಬಾರದು; ಹಿಂದಿನ ಹಲಗೆಯ ಮೇಲೆ ತಮ್ಮ ಹಿರಿಯರ ಊರ ಹೆಸರು ಕನ್ನಡದಲ್ಲಿರಬೇಕು. ಸ್ಕೇಲು, ಅಂಟು, ಬಣ್ಣಗಳೊಡನೆ ನಾವು ಸಿದ್ಧರಿದ್ದೇವೆ. ಗಾಲಿಗಳನ್ನು ಮಾತ್ರ ಚನ್ನಪಟ್ಟಣದಿಂದಲೇ ತರಿಸೋಣ.