ನಕ್ಷತ್ರ ಆಮೆಯ ತವರು ಯಾವುದು?

ನಮ್ಮ ಬೇಡಕಿಹಾಳದ ಸೀಮೆಯಲ್ಲಿ ಆಮೆಯೆಂದರೂ ತಿಳಿಯುತ್ತದೆ, ಕಾಸವವೆಂದರೂ ತಿಳಿಯುತ್ತದೆ. ಗುಡಿಯ ನೆಲದಲ್ಲಿ ಕಲ್ಲಿನ ಕೂರ್ಮವನ್ನು ಕಂಡು ಬೆಳೆದವರಿಗೆ ಅದು ಮನೆಗೆ ಶುಭವೆಂಬ ನಂಬುಗೆಯೂ ಉಂಟು. ಕೆಲವು ವರ್ಷಗಳ ಕೆಳಗೆ ಹುಡುಗನೊಬ್ಬನು ಅಂಗೈಯಗಲದ ಆಮೆಯೊಂದನ್ನು ಚೀಲದಲ್ಲಿಟ್ಟು ತರಗತಿಗೆ ತಂದನು. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದ ಕಿರಣಗಳಂತೆ ಹರಡಿದ್ದವು. “ಇದು ಯಾವ ಊರಿಂದ್ರಿ ಸರ?” ಎಂದನು. ನಾನು ಭಾಷಾಪಂಡಿತನಷ್ಟೆ, ಕೂರ್ಮ, ಕಮಠ, ಕಚ್ಛಪವೆಂಬ ಪರ್ಯಾಯ ಪದಗಳನ್ನು ಬರೆಯಿಸಿ ಅವನನ್ನು ಕೂಡಿಸಿದೆನು. ಕೇಳಿದ್ದೊಂದು, ಹೇಳಿದ್ದೊಂದು.

ಆಮೇಲೆ ಓದಿ ತಿಳಿದುದು ಇಷ್ಟು. ಜರ್ಮನಿಯ ವೈದ್ಯನೂ ನಿಸರ್ಗಶಾಸ್ತ್ರಜ್ಞನೂ ಆದ ಶೋಪ್ಫನು 1795ರಲ್ಲಿ ಈ ಜಾತಿಗೆ ‘ಎಲೆಗಾನ್ಸ್’, ಎಂದರೆ ಚೆಲುವಾದುದು, ಎಂದು ಹೆಸರಿಟ್ಟನು. ಹೆಸರು ಒಂದಾದರೂ ನೆಲೆಗಳು ಮೂರು. ಗುಜರಾತ, ರಾಜಸ್ಥಾನ ಮತ್ತು ಅವಕ್ಕೆ ತಗುಲಿದ ಸಿಂಧ ಒಂದು. ತಮಿಳುನಾಡು, ಆಂಧ್ರ ಮತ್ತು ಕರ್ನಾಟಕದ ಮೂಡಣ ಅಂಚಿನ ಕುರುಚಲು ಕಾಡು ಇನ್ನೊಂದು. ಕಡಲಾಚೆಯ ಸಿಂಹಳ ಮತ್ತೊಂದು. ವಾಯವ್ಯದವು ದೊಡ್ಡ ಮೈಯವು, ಬಣ್ಣ ತುಸು ಮಾಸಿದಂತಿರುತ್ತದೆ. ನಮ್ಮ ದಕ್ಷಿಣದವು ಗಾತ್ರದಲ್ಲಿ ಚಿಕ್ಕವು, ಆದರೆ ಕಪ್ಪುಹಳದಿಗಳ ಬೇರ್ಪಾಡು ಬಲು ಸ್ಪಷ್ಟ. ಸಿಂಹಳದವು ದೊಡ್ಡವೂ ಹೌದು, ಅಗಲ ಗೆರೆಯವೂ ಹೌದು. ಹಾಗೆಂದು ಶಾಸ್ತ್ರಜ್ಞರು ಇವನ್ನು ಉಪಜಾತಿಗಳಾಗಿ ಒಡೆದಿಲ್ಲ.

ತೊಡಕು ಹುಟ್ಟಿದ್ದು ಸಾಕುವವರ ಆಸೆಯಿಂದ. ಕಾಡಿನಲ್ಲಿ ಹಿಡಿದವನ್ನು ಪೆಟ್ಟಿಗೆಗಳಲ್ಲಿ ತುಂಬಿ ಹೊರದೇಶಗಳಿಗೆ ಕದ್ದು ಸಾಗಿಸಿದರು. ಸಿಕ್ಕಿಬಿದ್ದವನ್ನು ಮರಳಿ ಬಿಡುವುದಾದರೂ ಎಲ್ಲಿ? ಬಿಟ್ಟ ನೆಲೆ ತಪ್ಪಿದರೆ ಯುಗಯುಗಗಳಿಂದ ಬೇರೆಯಾಗಿದ್ದ ವಂಶಗಳು ಬೆರೆತುಹೋಗುತ್ತವೆ. ಕಣ್ಣಳತೆಯನ್ನು ನಂಬುವಂತಿಲ್ಲ, ಮನೆಯ ಮೇವು ಹೊಂದದೆ ಚಿಪ್ಪು ಗುಬುಟುಗುಬುಟಾಗಿ ಏಳುವುದುಂಟು. ಸಿಂಗಾಪುರದಿಂದ ಮರಳಿ ಬಂದ ಆಮೆಗಳ ತವರನ್ನು ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದವರು ವಂಶಾಣುಗಳಿಂದಲೇ ಅರಸಬೇಕಾಯಿತು. ಆ ಶೋಧ 2006ರಲ್ಲಿ ಪ್ರಕಟವಾಯಿತು. 2019ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವು ಕಾಡಿನ ನಕ್ಷತ್ರ ಆಮೆಯ ವ್ಯಾಪಾರವನ್ನು ನಿಷೇಧಿಸಿತು. 1972ರ ನಮ್ಮ ವನ್ಯಜೀವಿ ಕಾಯದೆಗೆ 2022ರಲ್ಲಾದ ತಿದ್ದುಪಡಿಯು ಅದನ್ನು ಮೊದಲನೆಯ ಅನುಸೂಚಿಗೇ ಸೇರಿಸಿತು. ಶುಭವೆಂದು ಮನೆಯಲ್ಲಿಟ್ಟವನಿಗೂ ಕಾಯದೆಯಲ್ಲಿ ವಿನಾಯಿತಿಯಿಲ್ಲ.

ಹುಡುಗನ ಆಮೆಯನ್ನು ಅರಣ್ಯ ಇಲಾಖೆಯವರಿಗೆ ಒಪ್ಪಿಸಿದೆವು. ಅವರೂ ಅದೇ ಪ್ರಶ್ನೆ ಕೇಳಿದರು. ಜಾತ್ರೆಯಲ್ಲಿ ಕೊಂಡದ್ದೆಂಬುದರ ಹೊರತು ಹುಡುಗನ ತಂದೆಗೆ ಬೇರೇನೂ ತಿಳಿದಿರಲಿಲ್ಲ.